ಜರಿ ನೋಡಲು ಹೋದ ಶ್ರಾವಣ

ಮದುವೆ ಗೊತ್ತಾದ ಹುಡುಗಿ ಸೀರೆ ಎತ್ತಿ ಕಟ್ಟಿಕೊಂಡು ಕೊಳ್ಳಕ್ಕೆ ಇಳಿದಳು ಅಂದರೆ ನಮ್ಮ ಕಡೆ ಆ ಕಾಲಕ್ಕೆ ಯಾರೂ ನಂಬುತ್ತಿರಲಿಲ್ಲ. ನಾನು ಇಳಿದೆ. ಅದೂ ಯಾರ ಕಣ್ಣೆದುರಿಗೆ ಅಂತೀರಿ? ಮೂರು ತಿಂಗಳು ಕಳೆದರೆ ನನಗೆ ಅತ್ತೆಯಾಗಲಿದ್ದವರ ಕಣ್ಣೆದುರಿಗೆ. ಈಗ ಕೂತು ಬರೆಯುವಾಗಲೂ ಆ ಒದ್ದೆ ಕಲ್ಲಿನ ತಂಪು ಅಂಗಾಲಿಗೆ ಹತ್ತಿ ಜುಮ್ ಅನ್ನುತ್ತದೆ.

೧೯೪೯ರ ಶ್ರಾವಣ. ನನಗೆ ಹದಿನೇಳು. ನಮ್ಮದು ಹುಮನಾಬಾದ, ಅಪ್ಪನದು ಕಿರಾಣಿ ಅಂಗಡಿ. ಅದರ ಹಿಂದಿನ ಎರಡು ಮಳೆಗಾಲ ನಾವು ಹೆಣ್ಣುಮಕ್ಕಳು ಊರ ಅಗಸಿ ದಾಟಿರಲಿಲ್ಲ. ರಾಜ್ಯ ಕೈ ಬದಲಾಗುವ ಹೊತ್ತು, ಕಾಲ ಕೆಟ್ಟಿತ್ತು. ಮೊದಲು ಕೆಲವರಿಗೆ ಕೆಟ್ಟಿತು, ಆಮೇಲೆ ಇನ್ನು ಕೆಲವರಿಗೆ. ಆ ಮಾತು ಇಲ್ಲಿ ಬೇಡ. ಅಂತೂ ದಾರಿಗಳಲ್ಲಿ ಮತ್ತೆ ಜನ ಓಡಾಡತೊಡಗಿ, ಬಸ್ಸಿನಲ್ಲಿ ಹೆಂಗಸರು ಮಕ್ಕಳು ಕಾಣತೊಡಗಿದ ಮೊದಲ ಮಳೆಗಾಲ ಅದು. ಆ ಮಳೆಗಾಲದಲ್ಲೇ ನನಗೆ ಚಿಟಗುಪ್ಪದ ಮನೆಯೊಂದು ಗೊತ್ತಾಯಿತು. ದೀಪಾವಳಿ ಮುಗಿದ ಮೇಲೆ ಮದುವೆ ಅಂತ ನಿಕ್ಕಿಯಾಯಿತು.

ನನ್ನನ್ನು ನೋಡಲು ಬಂದ ದಿನ ಹುಡುಗನ ತಾಯಿ ಚಹಾದ ಬಸಿ ಕೆಳಗಿಟ್ಟು, ನಮ್ಮವ್ವನಿಗೆ ಸ್ಪಷ್ಟವಾಗಿ ಹೇಳಿದ್ದರು: "ನಮ್ಮ ಮನಿ ಸೊಸ್ತೇರು ತವರಿಗೆ ಹೋಗೂದು ಬಿಟ್ರ ಹೊರಗ ತಿರಗಂಗಿಲ್ರಿ. ಮದಲ ಹೇಳಿಬಿಡತೇನಿ. ಆಮ್ಯಾಗ ನಮಗ ಗೊತ್ತಿರಲಿಲ್ಲ ಅನಬ್ಯಾಡ್ರಿ." ದಪ್ಪ ಮೈ, ಗಟ್ಟಿ ದನಿ, ಹಣೆಯ ಮೇಲೆ ದೊಡ್ಡ ಕುಂಕುಮ. ನನಗೆ ಅವರನ್ನು ನೋಡಿ ಹೆದರಿಕೆಯಾಯಿತು. ಆದರೆ ಹೆದರಿಕೆಯ ಜೊತೆಗೇ ಇನ್ನೊಂದು ಯೋಚನೆ ಬಂತು: ಹಾಗಾದರೆ ನೋಡುವುದನ್ನೆಲ್ಲ ದೀಪಾವಳಿಯ ಒಳಗೆ ನೋಡಿಬಿಡಬೇಕು.

ನೋಡಬೇಕಾದದ್ದು ನನಗೆ ಒಂದೇ ಇತ್ತು. ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ಕಲ್ಯಾಣದಲ್ಲಿದ್ದಳು. ಈಗ ಬಸವಕಲ್ಯಾಣ ಅನ್ನುತ್ತಾರಲ್ಲ, ಆ ಊರು. ಹಬ್ಬಕ್ಕೆ ನಮ್ಮಲ್ಲಿಗೆ ಬಂದಾಗಲೆಲ್ಲ ಅವಳು ಒಂದೇ ಕಥೆ ಹೇಳುತ್ತಿದ್ದಳು. ಅವರ ಊರಿನಿಂದ ಎರಡು ಹರದಾರಿ ನಡೆದರೆ ನೆಲ ಒಮ್ಮೆಗೇ ಸೀಳಿ ದೊಡ್ಡ ಕೊಳ್ಳ ಆಗಿದೆಯಂತೆ; ಮಳೆ ಹಿಡಿದರೆ ಹಳ್ಳದ ನೀರೆಲ್ಲ ಬಂದು ಆ ಕೊಳ್ಳಕ್ಕೆ ಹಾರುತ್ತದಂತೆ. "ನೀರು ಬೀಳೂದಲ್ಲವ್ವಾ, ಎದ್ದು ನಿಂದರತದ. ಮನಷ್ಯಾ ನಿಂತಂಗ," ಅನ್ನುತ್ತಿದ್ದಳು. ನಾನು ಕಂಡ ನೀರೆಲ್ಲ ಬಾವಿಯಲ್ಲಿ ಮಲಗಿದ್ದು, ಕೊಡದಲ್ಲಿ ಕೂತದ್ದು. ಎದ್ದು ನಿಂತ ನೀರು ಹೇಗಿರುತ್ತದೆ ಅಂತ ಊಹಿಸಿ ಊಹಿಸಿ ನನಗೆ ಹುಚ್ಚು ಹಿಡಿದಂತಾಗಿತ್ತು.

ಚಿಗವ್ವನಿಗೆ ಆ ಜಾಗ ತೋರಿಸಿದ್ದು ಅವಳ ಪಕ್ಕದ ಮನೆಯ ಮುಸ್ಲಿಮ್ ಹೆಂಗಸು. ಓಣಿಯವರೆಲ್ಲ ಅವಳನ್ನು ಖಾಲಾ ಅನ್ನುತ್ತಿದ್ದರು. ಆಡು ಸಾಕಿಕೊಂಡಿದ್ದ ಖಾಲಾ ಅವುಗಳ ಬೆನ್ನು ಹತ್ತಿ ಆ ಕೊಳ್ಳದ ಕಲ್ಲು ಕಲ್ಲನ್ನೂ ತುಳಿದಿದ್ದಳು. ಅವಳು ಅದನ್ನು ತನ್ನ ಉರ್ದುವಿನಲ್ಲಿ "ಝರಾ" ಅನ್ನುತ್ತಿದ್ದಳು. ಅದು ಚಿಗವ್ವನ ಬಾಯಿಗೆ ಬಂದು ಝರಿ ಆಗಿ, ಅಲ್ಲಿಂದ ನಮ್ಮ ನಾಲಿಗೆ ಝಕಾರಕ್ಕೆ ಅಷ್ಟಾಗಿ ಹೊರಳದ್ದರಿಂದ ಬರೇ "ಜರಿ" ಆಗಿತ್ತು. ನಮ್ಮ ಮನೆಯಲ್ಲಿ ಜರಿ ಅಂದರೆ ಜರಿ. ಸೀರೆಯ ಸೆರಗಿಗೂ ಅದೇ ಮಾತು, ಬೀಳುವ ನೀರಿಗೂ ಅದೇ ಮಾತು. ಇದರಿಂದ ಏನಾದೀತು ಅಂತ ಯಾರು ಯೋಚಿಸಿದ್ದರು?

ಪಂಚಮಿ ಹಬ್ಬಕ್ಕೆ ಚಿಗವ್ವ ನನ್ನನ್ನು ಕಲ್ಯಾಣಕ್ಕೆ ಕರೆಸಿಕೊಂಡಳು. ವಾರ ಪೂರ್ತಿ ಹಿಡಿದ ಜಡಿಮಳೆ ಹಬ್ಬದ ಹೊತ್ತಿಗೆ ಬಿಟ್ಟು, ಬಿಸಿಲು ಬಿದ್ದಿತ್ತು. ಖಾಲಾ ಗೋಡೆಯ ಆಚೆಯಿಂದ ಕೂಗಿ ಹೇಳಿದಳು: "ಬೇಟೀ, ನಿನ್ನ ನಸೀಬ ಛಲೋ ಅದ. ಹಳ್ಳ ತುಂಬಿ ಹೊಂಟದ." ಇನ್ನೇನು ಉಳಿದದ್ದು ಒಪ್ಪಿಗೆ. ಆ ಮನೆಯಲ್ಲಿ ಒಪ್ಪಿಗೆ ಕೊಡುವವರು ಒಬ್ಬರೇ: ಚಿಗವ್ವನ ಮಾವ. ನಮಗೆಲ್ಲ ಅವರು ಮುತ್ಯಾ. ವಯಸ್ಸಿನಲ್ಲಿ ಅರಿವೆ ವ್ಯಾಪಾರ ಮಾಡಿದವರು. ಕಾಲು ಸೋತ ಮೇಲೆ ಪಡಸಾಲೆಯ ಹೊರಸಿನ ಮೇಲೆ ಅಡಕೊತ್ತು ಹಿಡಿದು ಕೂತಿರುತ್ತಿದ್ದರು.

ಚಿಗವ್ವ ಸೆರಗು ಸರಿ ಮಾಡಿಕೊಂಡು ಹೋಗಿ ನಿಂತಳು. ನಾನು ಅವಳ ಹಿಂದೆ.

"ಮಾವ್ನೋರ, ನಾಳಿ ಹುಡುಗೀನ ಕರಕೊಂಡು ಜರಿ ನೋಡಿ ಬರ್ತೇನ್ರಿ."

ಗುಡುಗು ಬೀಳುತ್ತದೆ ಅಂತ ನಾನು ಕಣ್ಣು ಮುಚ್ಚಿದ್ದೆ. ಗುಡುಗಲಿಲ್ಲ. ಮುತ್ಯಾನ ಮುಖ ಅರಳಿತು.

"ಹೋಗ್ರಿ, ಹೋಗ್ರಿ! ನಾನ ಹೇಳಬೇಕಂತಿದ್ದೆ. ಮದುವಿ ಹುಡುಗಿ ಜರಿ ನೋಡಲಾರದ ಹ್ಯಾಂಗ?"

ನನಗೆ ಕಿವಿ ನಂಬಲಾಗಲಿಲ್ಲ. ಮುತ್ಯಾ ಅಡಕೊತ್ತು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಮದಲ ಅಗಲ ನೋಡವ್ವಾ. ನಾಕು ಬೆರಳಿಗೆ ಕಡಿಮಿ ಇದ್ರ ಬ್ಯಾಡ ಅನ್ನು."

ನಾಲ್ಕು ಬೆರಳಿನ ಝರಿಯೇ? ನಾನು ಬಾಯಿ ತೆರೆಯುವಷ್ಟರಲ್ಲಿ ಚಿಗವ್ವನ ಹಿಮ್ಮಡಿ ನನ್ನ ಕಾಲ್ಬೆರಳ ಮೇಲೆ ಬಿತ್ತು. ಅವಳಿಗೆ ತಿಳಿದುಹೋಗಿತ್ತು. ಕೊಳ್ಳದ ದಾರಿಯಲ್ಲೇ ಒಂದು ಹಳ್ಳಿ ಬರುತ್ತಿತ್ತು. ಅಲ್ಲಿಗೆ ಶ್ರಾವಣದಲ್ಲಿ ಪೈಠಣದ ವ್ಯಾಪಾರಿಯೊಬ್ಬ ಜರಿ ಸೀರೆಗಳ ಗಂಟು ಹೊತ್ತು ಬಂದು ಎಂಟು ದಿನ ಇಳಿದುಕೊಳ್ಳುತ್ತಿದ್ದ. ಮುತ್ಯಾ ಅವನ ಜರಿ ಅಂದುಕೊಂಡಿದ್ದರು.

ಅಲ್ಲ ಅನ್ನಬೇಕಿತ್ತು. ಚಿಗವ್ವ ಅನ್ನಲಿಲ್ಲ. "ಅಗಲ ನೋಡೇ ಬರ್ತೇವ್ರಿ," ಅಂದಳು.

"ಬೆಳ್ಳೀದೋ, ಬಂಗಾರದ್ದೋ?"

"ಬೆಳ್ಳಿ ಹಂಗ ಕಾಣತದಂತ್ರಿ. ಬಿಸಲು ಬಿದ್ರ ಬಂಗಾರ."

"ಹಾಂ! ಅದು ಖರೇ ಮಾಲು. ಕೈಯಾಗ ಹಿಡದು ನೋಡ್ರಿ. ಅಂಗೈಗೆ ಚುಚ್ಚಬಾರದು."

"ಕೈಯಾಗ ಹಿಡದು ನೋಡ್ತೇವ್ರಿ," ಅಂತ ಚಿಗವ್ವ ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಬಂದಳು. ಬಂದವಳು ಹಿಟ್ಟಿನ ಡಬ್ಬಿಯ ಮೇಲೆ ಕೂತು, ಬಾಯಿಗೆ ಸೆರಗು ತುರುಕಿಕೊಂಡು, ಮೈಯೆಲ್ಲ ಕುಣಿಸುತ್ತ ನಕ್ಕಳು. "ನಾ ಒಂದ ಒಂದ ಸುಳ್ಳ ಹೇಳಿಲ್ಲ. ಹೇಳೀನೇನು? ನೀನ ಹೇಳು."

ನಗು ಸಂಜೆಯವರೆಗೆ ಮಾತ್ರ. ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ಗಟ್ಟಿ ದನಿ ಕೇಳಿತು. ಚಿಟಗುಪ್ಪದಿಂದ ನನ್ನ ಅತ್ತೆಯಾಗುವವರು ಬಂದಿದ್ದರು. ಕಲ್ಯಾಣದಲ್ಲಿ ಅವರ ಅಕ್ಕನ ಮನೆ ಇತ್ತು. ಹಬ್ಬಕ್ಕೆ ಅಲ್ಲಿಗೆ ಬಂದವರು ನನಗೆ ಉಡಿ ತುಂಬಿ ಹೋಗೋಣ ಅಂತ ಬಂದರು. ಮುತ್ಯಾ ಅವರನ್ನು ಕೂರಿಸಿ, ಎಲೆ ಅಡಿಕೆ ಕೊಟ್ಟು, ಸಂಭ್ರಮದಲ್ಲಿ ಹೇಳಿಬಿಟ್ಟರು.

"ಬೀಗತೇರ, ಛಲೋ ವ್ಯಾಳ್ಯಾಕ್ಕ ಬಂದ್ರಿ ನೋಡ್ರಿ. ನಾಳಿ ಇವರು ಜರಿ ನೋಡಾಕ ಹೊಂಟಾರ. ನೀವೂ ಹೋಗಿ ಬರ್ರಲಾ."

"ಬರ್ತೇನ್ರಿ," ಅಂದರು ಅತ್ತೆ, ಎಲೆಗೆ ಸುಣ್ಣ ಹಚ್ಚುತ್ತ. "ಹುಡುಗೇರ ಕಣ್ಣು ಬರೇ ಹೊಳಿಯೂದರ ಮ್ಯಾಲ ಬೀಳತಾವ. ಗಟ್ಟಿ ಅದನೋ ಇಲ್ಲೋ ನಾ ನೋಡ್ತೇನಿ."

ಅಡುಗೆಮನೆಯಲ್ಲಿ ನಾನು ಅಳುವುದೊಂದು ಬಾಕಿ. "ಚಿಗವ್ವಾ, ಹೇಳಿಬಿಡೂನು." ಚಿಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಈಗ ಹೇಳಿದ್ರ ನಾಳಿ ಓಣಿ ಸೈತ ದಾಟಾಕ ಬಿಡಂಗಿಲ್ಲ. ದೀಪಾವಳಿ ಆದ ಮ್ಯಾಲ ನೀ ಚಿಟಗುಪ್ಪದಾಗ. ನೋಡತೀಯೋ, ಬಿಡತೀಯೋ? ನೋಡೂದಿದ್ರ ಬಾಯಿ ಮುಚ್ಚಿ ಬುತ್ತಿ ಕಟ್ಟು." ನಾನು ಬುತ್ತಿ ಕಟ್ಟಿದೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ, ಹಬ್ಬದಲ್ಲಿ ಉಳಿದ ಎಳ್ಳಿನ ಉಂಡಿ. ಜರಿ ಸೀರೆ ನೋಡಲು ಹೋಗುವವರು ಇಷ್ಟು ಬುತ್ತಿ ಯಾಕೆ ಕಟ್ಟುತ್ತಾರೆ ಅಂತ ಅತ್ತೆ ಕೇಳಿಯಾರು ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಅವರು ಕೇಳಲಿಲ್ಲ.

ಬೆಳಕು ಹರಿಯುವಾಗ ಹೊರಟೆವು, ನಾಲ್ಕು ಜನ ಹೆಂಗಸರು. ಮುಂದೆ ಕೈಯಲ್ಲಿ ಕೋಲು ಹಿಡಿದ ಖಾಲಾ. ಅವಳ ಹಿಂದೆ ಅತ್ತೆ, ಅವರ ಹಿಂದೆ ತಲೆಯ ಮೇಲೆ ಬುತ್ತಿಗಂಟಿನ ಚಿಗವ್ವ, ಕೊನೆಗೆ ನಾನು. ಖಾಲಾನಿಗೆ ಈ ಗೊಂದಲದ ಸುದ್ದಿ ಹೇಳಲು ನಮಗೆ ಹೊತ್ತು ಸಿಕ್ಕಿರಲಿಲ್ಲ.

ಆ ಬೆಳಗಿನ ಹೊಲಗಳನ್ನು ಹೇಗೆ ಹೇಳಲಿ! ಎರಡು ವರ್ಷ ನಾಲ್ಕು ಗೋಡೆ ನೋಡಿದ ಕಣ್ಣು. ಹೆಸರು, ಉದ್ದು ಹೂವಾಡಿದ್ದವು. ಮೊಣಕಾಲೆತ್ತರದ ಜೋಳದ ಮೇಲೆ ಇಬ್ಬನಿ ಕೂತು ಬಯಲೆಲ್ಲ ಹೊಗೆಯಾಡುತ್ತಿತ್ತು. ಬದುವಿನ ಮೇಲೆ ನವಿಲು ಕೂಗಿದರೆ ನಾನೂ ತಿರುಗಿ ಕೂಗಬೇಕು ಅನ್ನಿಸುತ್ತಿತ್ತು. ಆದರೆ ಎರೆಮಣ್ಣು ಮಾತ್ರ ನಮ್ಮ ವೈರಿ. ಹತ್ತು ಹೆಜ್ಜೆಗೆ ಚಪ್ಪಲಿಗೆ ಸೇರು ಮಣ್ಣು ಮೆತ್ತಿ, ಕಾಲು ಎತ್ತಿದರೆ ಬೀಸುವ ಕಲ್ಲು ಎತ್ತಿದಂತೆ. ಅತ್ತೆ ನಿಂತು ನಿಂತು ಕಡ್ಡಿಯಿಂದ ಕೆರೆಯುತ್ತ ಆ ಪೈಠಣದವನನ್ನು ಬಯ್ಯುತ್ತಿದ್ದರು. "ಏನಂಥಾ ಜರಿ ಇವನದು? ಊರಾಗ ಬಂದು ಮಾರಾಕ ಏನು ಧಾಡಿ?"

ಹಳ್ಳಿಯ ಹತ್ತಿರ ಒಂದು ಬೇವಿನ ಮರ. ಅಲ್ಲಿ ದಾರಿ ಒಡೆಯುತ್ತದೆ. ಎಡಕ್ಕೆ ಹೋದರೆ ಹಳ್ಳಿ, ಬಲಕ್ಕೆ ಕಲ್ಲುಬಯಲು. ಅತ್ತೆ ಎಡಕ್ಕೆ ತಿರುಗಿದರು. ಖಾಲಾ ಬಲಕ್ಕೆ ತಿರುಗಿದಳು.

"ಅಮ್ಮಾ, ಆ ಕಡೆ ಎಲ್ಲಿ ಹೊಂಟ್ರಿ? ಈ ಕಡೆ ಬರ್ರಿ. ಚಪ್ಪಲ ತಗದು ಕೈಯಾಗ ಹಿಡಕೋರಿ, ಮುಂದ ಕಲ್ಲು ಜಾರತಾವ."

"ಜರಿ ನೋಡಾಕ ಚಪ್ಪಲ ಯಾಕ ತಗೀಬೇಕು? ಗುಡಿ ಏನದು?"

"ಚಪ್ಪಲ ಹಾಕ್ಕೊಂಡ್ರ ಸೀದಾ ಕೆಳಗ ಹೋಗತೀರಿ, ಅಮ್ಮಾ. ಝರಾ ನೋಡೂದಲ್ಲ, ಝರಾದಾಗ ಹೋಗತೀರಿ."

ಅತ್ತೆ ಖಾಲಾನ ಮುಖ ನೋಡಿದರು. ಚಿಗವ್ವನ ಮುಖ ನೋಡಿದರು. ಚಿಗವ್ವ ಬೇವಿನ ಮರ ನೋಡುತ್ತಿದ್ದಳು. ಕಡೆಗೆ ಅವರ ಕಣ್ಣು ನನ್ನ ಮೇಲೆ ಬಂದು ನಿಂತಿತು. ಸುಳ್ಳು ಹೇಳಲು ನನಗೆ ಬಾಯೇ ಬರಲಿಲ್ಲ.

"ಅತ್ತೇರ, ಉಡೂ ಜರಿ ಅಲ್ರಿ. ಬೀಳೂ ಜರಿ."

"ಬೀಳೂದು? ಏನು ಬೀಳೂದು?"

"ನೀರು, ರಿ."

ಮರದಲ್ಲಿ ಗಿಳಿಗಳು ಗದ್ದಲ ಹಾಕಿದ್ದವು.

"ಹಿರೇರಿಗೆ ಸುಳ್ಳು ಹೇಳಿದವರು ಯಾರು?" ಅಂದರು ಅತ್ತೆ.

ಚಿಗವ್ವ ಮೆಲ್ಲಗೆ, "ಯಾರೂ ಹೇಳಿಲ್ರಿ, ಬೀಗತೇರ. ನಾ ಜರಿ ಅಂದೆ. ಅವರು ಜರಿ ಅಂದುಕೊಂಡ್ರು," ಅಂದಳು.

ಖಾಲಾನಿಗೆ ಆಗ ಎಲ್ಲ ತಿಳಿದು, ಕೋಲಿನ ಮೇಲೆ ಗದ್ದ ಊರಿ, "ಯಾ ಅಲ್ಲಾ!" ಅಂತ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದಳು. ಅವಳು ಎರಡು ವರ್ಷದಲ್ಲಿ ಅಷ್ಟು ನಕ್ಕಿದ್ದನ್ನು ತಾನು ಕಂಡಿರಲಿಲ್ಲ ಅಂತ ಚಿಗವ್ವ ಆಮೇಲೆ ಹೇಳಿದಳು. ಅತ್ತೆ ನಗಲಿಲ್ಲ. ಹಳ್ಳಿಯ ದಾರಿ ನೋಡಿದರು, ಬಂದ ದಾರಿ ನೋಡಿದರು. ಅಲ್ಲಿಂದ ಒಬ್ಬರೇ ಹಿಂತಿರುಗಿ ಹೋದರೆ ನನ್ನ ಮದುವೆ ಆ ಬೇವಿನ ಮರದ ಕೆಳಗೇ ಮುರಿಯಿತು ಅಂತ ನನಗೆ ಗೊತ್ತಿತ್ತು. ನಾಚಿಕೆಗೇಡಿನ ಮಾತು ಹೇಳಿಬಿಡುತ್ತೇನೆ: ಆ ಗಳಿಗೆಯಲ್ಲೂ ನನ್ನ ಕಿವಿ ಬಲಗಡೆಗೇ ಇತ್ತು. ಗಾಳಿ ತಿರುಗಿದಾಗ ದೂರದಲ್ಲಿ ಏನೋ ಒಂದು ಸದ್ದು, ನೆಲದೊಳಗಿನ ಹಗೇವಿಗೆ ಜೋಳ ಸುರಿಯುತ್ತಿದ್ದಾರೇನೋ ಅನ್ನುವಂಥದ್ದು, ಬಂದು ಬಂದು ಹೋಗುತ್ತಿತ್ತು.

ಅತ್ತೆ ಬಗ್ಗಿ ಚಪ್ಪಲಿ ತೆಗೆದು ಕೈಗೆ ತೆಗೆದುಕೊಂಡರು.

"ನಡೀರಿ. ನನ್ನ ಬಿಟ್ಟು ಹೋಗಿ ಕಾಲು ಮುರಕೊಂಡ್ಲಂದ್ರ ಕುಂಟ ಸೊಸಿ ನನಗ ಬ್ಯಾಡ."

ಕಲ್ಲುಬಯಲಿನಲ್ಲಿ ಮಣ್ಣಿನ ಕಾಟವಿಲ್ಲ. ಕೆಂಪು ಕಲ್ಲಿನ ಹಾಸು, ಸಂದಿ ಸಂದಿಗೆ ಮಳೆನೀರಿನ ಕನ್ನಡಿಗಳು, ಮೊಣಕಾಲಿಗೆ ತಾಗುವ ಸೀತಾಫಲದ ಪೊದೆ. ನಾನು ಬರಬರುತ್ತ ನಡೆಯುವುದನ್ನು ಬಿಟ್ಟು ಓಡತೊಡಗಿದ್ದೆ. ಖಾಲಾ ಹಿಂದಿನಿಂದ ಕೂಗಿದಳು: "ರುಕ್, ರುಕ್! ಬೇಟೀ, ನಿಂದರು!" ನಿಂತೆ. ನಿಂತದ್ದೇ ಒಳ್ಳೆಯದಾಯಿತು. ಎದುರಿಗೆ ನಾಲ್ಕು ಮಾರು ದೂರದಲ್ಲಿ ನೆಲವೇ ಇರಲಿಲ್ಲ.

ನಮ್ಮ ಸೀಮೆ ಹಾಗೇ. ಗುಡ್ಡ ಎದ್ದು ನಿಂತು ನಾನಿದ್ದೇನೆ ಅಂತ ಸಾರುವುದಿಲ್ಲ. ಸಪಾಟು ಬಯಲು ಸಪಾಟಾಗಿಯೇ ಬಂದು ಒಮ್ಮೆಗೇ ಮುಗಿದುಹೋಗುತ್ತದೆ. ಬಗ್ಗಿ ನೋಡಿದರೆ ಕೆಳಗೆ ಇನ್ನೊಂದು ಊರಿನಂಥ ಹಸಿರು; ಮರಗಳ ತಲೆಗಳು ನಮ್ಮ ಕಾಲ ಕೆಳಗೆ, ಗಿಡುಗ ನಮಗಿಂತ ಕೆಳಗೆ ಹಾರುತ್ತಿತ್ತು. ಹಕ್ಕಿಯ ಬೆನ್ನು ನಾನು ನೋಡಿದ್ದು ಆ ದಿನವೇ ಮೊದಲು. ಮತ್ತು ಎಡಗಡೆಗೆ, ಕೊಳ್ಳದ ತಲೆಯಲ್ಲಿ, ಅದು. ಹಳ್ಳ ಮೂರು ಹೆಜ್ಜೆ ಹಿಂದಿನವರೆಗೂ ಏನೂ ಅರಿಯದ ದನದಂತೆ ಬಂದು, ಅಂಚಿಗೆ ಬಂದೊಡನೆ ಬೆಳ್ಳಗಾಗಿ ಎದ್ದು ನಿಂತಿತ್ತು. ಎರಡು ಬೇವಿನ ಮರ ಒಂದರ ಮೇಲೊಂದು ಇಟ್ಟಷ್ಟು ಎತ್ತರ. ಚಿಗವ್ವ ಹೇಳಿದ್ದು ನಿಜ. ಅದು ಬೀಳುತ್ತಿರಲಿಲ್ಲ, ನಿಂತಿತ್ತು. ನಿಂತು ನಮ್ಮನ್ನು ನೋಡುತ್ತಿತ್ತು.

ಸದ್ದು ಕಿವಿಗೆ ಬರುತ್ತಿರಲಿಲ್ಲ. ಕಾಲಿನಿಂದ ಹತ್ತಿ ಎದೆಗೆ ಬರುತ್ತಿತ್ತು. ಚಿಗವ್ವ ನನ್ನ ಕೈ ಹಿಡಿದು ಕುಣಿಯತೊಡಗಿದಳು, ಮೂವತ್ತೈದರ ಹೆಂಗಸು, ಮೂರು ಮಕ್ಕಳ ತಾಯಿ.

ಖಾಲಾ ಆಗಲೇ ಕೋಲಿನಿಂದ ದಾರಿ ತೋರಿಸುತ್ತಿದ್ದಳು. ಆಡುಗಳ ದಾರಿ, ಅಂಗೈ ಅಗಲ. ಗೋಡೆಯಂಥ ಕಲ್ಲಿನ ಮೈಯಲ್ಲಿ ಓರೆಯಾಗಿ ಇಳಿದು ನೀರಿನ ಬುಡಕ್ಕೆ ಹೋಗುತ್ತಿತ್ತು. ಅತ್ತೆ ಒಮ್ಮೆ ಬಗ್ಗಿ ನೋಡಿದವರು ಹಿಂದೆ ಸರಿದು, ಒಂದು ಬಂಡೆಯ ಮೇಲೆ ಎರಡೂ ಕೈ ಊರಿ ಕೂತರು.

"ನನಗ ತಲಿ ತಿರಗತದ. ಇಲ್ಲಿಂದ ಕಾಣತದಲ್ಲ, ಸಾಕು."

ನನಗೆ ಸಾಕಾಗಿರಲಿಲ್ಲ. ಕೆಳಗೆ, ನೀರಿನ ಹಿಂದೆ, ಕಲ್ಲು ಒಳಕ್ಕೆ ಸರಿದು ಒಂದು ಪಡಸಾಲೆಯಂತಾಗಿತ್ತು. ಖಾಲಾ ಮಳೆ ಬಂದರೆ ಆಡು ನಿಲ್ಲಿಸುವುದು ಅಲ್ಲೇ ಅಂದಳು. ನೀರಿನ ಹಿಂದೆ ನಿಲ್ಲಬಹುದು! ಆ ಮಾತು ಕೇಳಿದ ಮೇಲೆ ಮೇಲೆ ಕೂರುವುದು ಹೇಗೆ? ಆದರೆ ಅತ್ತೆ ಕೂತಿದ್ದಾರೆ. ಅತ್ತೆ ಕೂತರೆ ಸೊಸೆ ಕೂರಬೇಕು. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಾನು ಅವರ ಮುಂದೆ ಹೋಗಿ ನಿಂತೆ. ನಮ್ಮ ಮಾತಿನಲ್ಲಿ ಹಿರಿಯರ ಹತ್ತಿರ ಹೋದರೆ ಕ್ರಿಯಾಪದಕ್ಕೆ ಒಂದು ಬಾಲ ಹಚ್ಚಿಕೊಂಡೇ ಹೋಗಬೇಕು. ಹೋಗಲೇನ್ರಿ, ಉಣ್ಣಲೇನ್ರಿ, ಮಲಗಲೇನ್ರಿ. ಹುಟ್ಟಿದಾಗಿನಿಂದ ನನ್ನ ಬಾಯಿಗೆ ಅದೇ ರೂಢಿ. "ಇಳೀಲೇನ್ರಿ" ಅಂತಲೇ ನಾನು ಬಾಯಿ ತೆರೆದೆ. ಹೊರಗೆ ಬಿದ್ದದ್ದು ಬೇರೆ.

"ಅತ್ತೇರ, ನಾ ಇಳೀತೇನ್ರಿ."

ಅತ್ತೆ ತಲೆ ಎತ್ತಿದರು. "ಕೇಳಾಕತ್ತೀಯೋ, ಹೇಳಾಕತ್ತೀಯೋ?"

ನೀರಿನ ಸದ್ದಿಗೆ ಕೂಗಿಯೇ ಹೇಳಬೇಕಾಯಿತು. "ಹೇಳಾಕತ್ತೇನ್ರಿ!"

ಅವರ ಮುಖದಲ್ಲಿ ಏನಿತ್ತು ಅಂತ ನೋಡಲು ನಾನು ನಿಲ್ಲಲಿಲ್ಲ. ನಿಂತಿದ್ದರೆ ಇಳಿಯುತ್ತಿರಲಿಲ್ಲ. ಸೀರೆಯನ್ನು ಮೊಣಕಾಲವರೆಗೆ ಎತ್ತಿ, ಕಚ್ಚೆ ಬಿಗಿದು, ಖಾಲಾನ ಬೆನ್ನು ಹಿಡಿದೆ.

"ಕಲ್ಲ ನೋಡು, ಕೆಳಗ ನೋಡಬ್ಯಾಡ. ಬೇರು ಹಿಡಿ, ಹುಲ್ಲು ಹಿಡೀಬ್ಯಾಡ. ಹುಲ್ಲು ದಗಲಬಾಜ ಅದ," ಅಂತ ಖಾಲಾ ಹೆಜ್ಜೆಗೊಂದು ಮಾತು ಹೇಳುತ್ತ ಇಳಿದಳು. ಮುತ್ತಲ ಮರದ ಬೇರು ಕಲ್ಲಿನ ಮೇಲೆ ಹಗ್ಗದಂತೆ ಇಳಿಬಿದ್ದಿತ್ತು. ಅದನ್ನು ಹಿಡಿದು ಒಂದು ಕಾಲು, ಆಮೇಲೆ ಇನ್ನೊಂದು ಕಾಲು. ಒಂದು ಕಡೆ ಎಡಗಾಲು ಜಾರಿ ಸಣ್ಣ ಕಲ್ಲುಗಳು ಟಪಟಪ ಕೆಳಗೆ ಹೋದವು; ಅವು ಬಿದ್ದ ಸದ್ದು ಕೇಳಲೇ ಇಲ್ಲ. ಹೆದರಿಕೆಯಾಯಿತು ಅಂತ ಹೇಳಿಕೊಳ್ಳಬಹುದು, ಆದರೆ ಹೆದರಿಕೆಗೆ ಬಾಯಿ ತುಂಬ ನಗು ಬರುತ್ತದೆಯೇ? ನನಗೆ ಬರುತ್ತಿತ್ತು. ಹಿಂದೆ ಚಿಗವ್ವ ಬುತ್ತಿಗಂಟನ್ನು ಸೊಂಟಕ್ಕೆ ಕಟ್ಟಿಕೊಂಡು ತನಗೆ ಗೊತ್ತಿದ್ದ ದೇವರನ್ನೆಲ್ಲ ಒಬ್ಬೊಬ್ಬರಾಗಿ ಕರೆಯುತ್ತಿದ್ದಳು.

ಬುಡ ಮುಟ್ಟುವ ಮೊದಲೇ ತುಂತುರು ನಮ್ಮನ್ನು ಮುಟ್ಟಿತು. ರೆಪ್ಪೆಯ ಮೇಲೆ, ಮೂಗಿನ ತುದಿಯ ಮೇಲೆ ನೀರು. ಖಾಲಾ ನನ್ನ ಮಣಿಕಟ್ಟು ಹಿಡಿದು ಗೋಡೆಗೆ ಅಂಟಿಕೊಂಡು ಒಳಕ್ಕೆ ಎಳೆದಳು. ಎರಡು ಹೆಜ್ಜೆ, ಮೂರು ಹೆಜ್ಜೆ, ಉಸಿರು ಕಟ್ಟಿತು, ಆಮೇಲೆ ನಾವು ಹಿಂದೆ ಇದ್ದೆವು. ನೀರಿನ ಹಿಂದೆ!

ಎದುರಿಗೆ ಇಡೀ ಲೋಕ ಕರಗಿ ನಡುಗುತ್ತಿತ್ತು. ಬಿಸಿಲು ನೀರಿನ ಆಚೆಯಿಂದ ಬಂದು ನಮ್ಮ ಮೈಮೇಲೆ ಓಡಾಡುತ್ತಿತ್ತು. ನಾನು ಕಿರಿಚಿದೆ. ಬಾಯಿ ತೆರೆದದ್ದು ಗೊತ್ತು, ಗಂಟಲು ಉರಿದದ್ದು ಗೊತ್ತು, ದನಿ ಮಾತ್ರ ನನಗೇ ಕೇಳಲಿಲ್ಲ. ಆಗ ಹೊಳೆಯಿತು, ಇಲ್ಲಿ ಏನು ಬೇಕಾದರೂ ಕೂಗಬಹುದು. ಹದಿನೇಳು ವರ್ಷ ಒಳಗಿಟ್ಟುಕೊಂಡದ್ದನ್ನೆಲ್ಲ ಕೂಗಿದೆ. ಪಕ್ಕದಲ್ಲಿ ಖಾಲಾ ಕೂಡ ಬಾಯಿ ತೆರೆದು ಕೂಗುತ್ತಿದ್ದಳು. ಅವಳು ಏನು ಕೂಗಿದಳೋ ನನಗೆ ಗೊತ್ತಿಲ್ಲ. ಅವಳ ಮುಖ ತೊಯ್ದಿತ್ತು, ನಮ್ಮೆಲ್ಲರದೂ ತೊಯ್ದಿತ್ತು.

ಹೊರಗೆ ಬಂದು ಮೊದಲು ಮೇಲೆ ನೋಡಿದೆ. ಬಂಡೆ ಕಂಡಿತು. ಬಂಡೆಯ ಮೇಲೆ ಅತ್ತೆ ಇರಲಿಲ್ಲ.

ಕುಣಿಯುತ್ತಿದ್ದ ಎದೆ ಹಾಗೇ ಕಲ್ಲಾಯಿತು. ಹೋದರು. ಸಿಟ್ಟಿನಲ್ಲಿ ಎದ್ದು ಹೋದರು. ಈಗ ಊರು ಮುಟ್ಟುತ್ತಾರೆ, ಮುತ್ಯಾನಿಗೆ ಹೇಳುತ್ತಾರೆ, ಸಂಜೆಯೊಳಗೆ ಹುಮನಾಬಾದಿಗೆ ಸುದ್ದಿ ಹೋಗುತ್ತದೆ. "ಹೇಳಾಕತ್ತೇನ್ರಿ" ಅಂದಿದ್ದೆನಲ್ಲ, ಎಂಥ ಸೊಕ್ಕು! ನಾನು ಚಿಗವ್ವನಿಗೆ ಒಂದು ಮಾತೂ ಹೇಳದೆ ಬೇರು ಹಿಡಿದು ಮೇಲಕ್ಕೆ ಹತ್ತತೊಡಗಿದೆ. ಇಳಿಯುವಾಗ ಹೆಜ್ಜೆ ಎಣಿಸಿದವಳು ಹತ್ತುವಾಗ ಏನನ್ನೂ ನೋಡಲಿಲ್ಲ. ಮೊಣಕಾಲು ತರಚಿತು.

ಅರ್ಧ ದಾರಿಯ ತಿರುವಿನಲ್ಲಿ ಎರಡು ದಪ್ಪ ಪಾದಗಳು ನನ್ನ ಮುಖಕ್ಕೆ ಎದುರಾದವು.

ಅತ್ತೆ ಕಲ್ಲಿನ ಮೇಲೆ ಅಂಡೂರಿ ಕೂತಿದ್ದರು. ಹಸಿರು ಸೀರೆಗೆಲ್ಲ ಕೆಂಪು ಕೆಸರು, ಕುಂಕುಮ ಕರಗಿ ಮೂಗಿನವರೆಗೆ ಇಳಿದಿತ್ತು. ಎರಡೂ ಕೈಯಿಂದ ಬೇರನ್ನು ತಬ್ಬಿಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿದ್ದರು. ಕೂತಲ್ಲೇ ಜಾರುತ್ತ, ಮಗು ಮೆಟ್ಟಿಲು ಇಳಿಯುವ ಹಾಗೆ, ಒಬ್ಬರೇ ಅಲ್ಲಿಯವರೆಗೆ ಬಂದುಬಿಟ್ಟಿದ್ದರು.

"ಅತ್ತೇರ!"

ಒಂದು ಕಣ್ಣು ತೆರೆದರು. "ಏನ ನೋಡಾಕತ್ತೀ? ಕೈ ಹಿಡಿ!"

"ಮ್ಯಾಲ ಎಳೀಲೇನ್ರಿ?"

"ಮ್ಯಾಲ ಯಾಕ? ಇಷ್ಟು ಸತ್ತು ಬಂದದ್ದು ಮ್ಯಾಲ ಹೋಗಾಕೇನು? ಕೆಳಗ!"

ಅವರ ಕೈ ಹಿಡಿದೆ. ಆವರೆಗೆ ಆ ಕೈ ನನ್ನನ್ನು ಮುಟ್ಟಿದ್ದು ನಾನು ಕಾಲಿಗೆರಗಿದಾಗ ತಲೆಯ ಮೇಲೆ ಬಿದ್ದು ಮಾತ್ರ. ಬಿಸಿಯಾಗಿತ್ತು. ನಾನು ಮುಂದೆ ಹಿಮ್ಮುಖವಾಗಿ, ಅವರು ಕೂತು ಜಾರುತ್ತ. "ಎಡಗಾಲ ಇಡ್ರಿ. ಆ ಕಲ್ಲಿನ ಮ್ಯಾಲ ಬ್ಯಾಡ್ರಿ. ಬೇರ ಹಿಡೀರಿ, ಹುಲ್ಲು ಬ್ಯಾಡ." ನಾನು ಹೇಳಿದಂತೆ ಅವರು ಕಾಲಿಡುತ್ತಿದ್ದರು. ಕೆಳಗಿನಿಂದ ಖಾಲಾ, "ಶಾಬಾಸ್ ಅಮ್ಮಾ! ಶಾಬಾಸ್ ಪೈಲವಾನ್!" ಅಂತ ಚಪ್ಪಾಳೆ ತಟ್ಟುತ್ತಿದ್ದಳು. ಅತ್ತೆ ಹಲ್ಲು ಕಚ್ಚಿ, "ಆಕೀಗಿ ಬಾಯಿ ಮುಚ್ಚು ಅನ್ನು," ಅನ್ನುತ್ತಿದ್ದರು. ಆದರೆ ಅವರಿಗೂ ನಗು ತಡೆಯಲಾಗಿರಲಿಲ್ಲ, ಹೊಟ್ಟೆ ಕುಲುಕುತ್ತಿತ್ತು. ನಕ್ಕರೆ ಕೈ ಸಡಿಲಾಗುತ್ತಿತ್ತು, ಸಡಿಲಾದರೆ ಮತ್ತೆ ಕಿರಿಚುತ್ತಿದ್ದರು.

ನೀರಿನ ಹಿಂದೆ ಅವರನ್ನು ನಿಲ್ಲಿಸಿದಾಗ ಬಹಳ ಹೊತ್ತು ಅವರು ಸುಮ್ಮನೆ ನೋಡಿದರು. ಆಮೇಲೆ ಕೈ ಚಾಚಿ ನೀರಿಗೆ ಹಿಡಿದರು. ನೀರು ಕೈಯನ್ನು ಪಟ್ಟನೆ ಹೊಡೆದು ಕೆಳಗೆ ತಳ್ಳಿತು. ಮತ್ತೆ ಹಿಡಿದರು, ಮತ್ತೆ ತಳ್ಳಿತು. ಜಗಳಕ್ಕೆ ನಿಂತವರ ಹಾಗೆ ಹತ್ತು ಸಲ ಹಿಡಿದರು.

ಬುತ್ತಿಯನ್ನು ತೊಯ್ದ ಬಂಡೆಯ ಮೇಲೆ ಬಿಚ್ಚಿ, ನಾಲ್ವರೂ ನೆನೆದ ರೊಟ್ಟಿ ತಿಂದೆವು. ಅತ್ತೆ ಉಂಡಿ ಮುರಿದು ಮೊದಲ ತುಂಡು ಖಾಲಾನಿಗೆ ಕೊಟ್ಟರು.

ಸಂಜೆ ನಮ್ಮ ಅವತಾರ ನೋಡಿ ಮುತ್ಯಾ ಹೊರಸಿನಿಂದ ಎದ್ದುಬಿಟ್ಟರು. ಏನು ಹೇಳುವುದು ಅಂತ ದಾರಿಯುದ್ದಕ್ಕೂ ನಾನು, ಚಿಗವ್ವ ಕಟ್ಟಿದ್ದ ಮಾತೆಲ್ಲ ಬೇಕಾಗಲಿಲ್ಲ. ಅತ್ತೆಯೇ ಎದುರು ನಿಂತು, "ಅಣ್ಣಾರ, ನಾವು ಕೊಳ್ಳಕ್ಕ ಇಳದು ನೀರು ನೋಡಿ ಬಂದೇವ್ರಿ," ಅಂದರು. ಬೀಗತಿಗೆ ಬಯ್ಯುವಂತಿಲ್ಲ. ಮುತ್ಯಾ ಚಿಗವ್ವನ ಮೇಲೆ ಸಿಟ್ಟಾದರು. ಎಂಟು ದಿನ ಅವಳ ಕೈಯಿಂದ ಚಹಾ ತೆಗೆದುಕೊಳ್ಳಲಿಲ್ಲ. ಅಷ್ಟರಲ್ಲಿ ಪೈಠಣದವನು ಗಂಟು ಕಟ್ಟಿಕೊಂಡು ಹೋಗಿದ್ದ. ದೀಪಾವಳಿ ಕಳೆದು ನನ್ನ ಮದುವೆ ಆದದ್ದು ಇಳಕಲ್ ಸೀರೆಯಲ್ಲಿ.

ಚಿಟಗುಪ್ಪದಲ್ಲಿ ಅತ್ತೆ ತಾವು ಹೇಳಿದ್ದ ಮಾತಿಗೆ ತಪ್ಪಲಿಲ್ಲ. ಸೊಸೆಯರು ಹೊರಗೆ ತಿರುಗುವುದಿಲ್ಲ ಅಂದರೆ ತಿರುಗುವುದಿಲ್ಲ. ನಾನೂ ಅದಕ್ಕೆ ಒಗ್ಗಿಕೊಳ್ಳುತ್ತಿದ್ದೆ. ಆದರೆ ಮಧ್ಯಾಹ್ನ ಹಪ್ಪಳ ಒತ್ತಲು, ಕಾಳು ಆರಿಸಲು ಓಣಿಯ ಹೆಂಗಸರು ಬಂದು ಕೂತರೆ ಅತ್ತೆಗೆ ಕೊಳ್ಳದ ಕಥೆ ಹೇಳದೆ ಇರಲು ಆಗುತ್ತಿರಲಿಲ್ಲ. ಕಥೆ ವಾರದಿಂದ ವಾರಕ್ಕೆ ಬೆಳೆಯಿತು. ಎರಡು ಬೇವಿನ ಮರದ ಎತ್ತರ ನಾಲ್ಕಾಯಿತು, ನಾಲ್ಕು ಆರಾಯಿತು. ಯುಗಾದಿಯ ಹೊತ್ತಿಗೆ ಮೊದಲು ಇಳಿದವರು ಅವರೇ ಆಗಿದ್ದರು, ಹೆದರಿ ಕಲ್ಲಿನ ಮೇಲೆ ಕೂತವಳು ನಾನು. "ಈಕಿ ಕಣ್ಣು ಮುಚ್ಚಿಕೊಂಡು ಕುಂತಿದ್ಲು. ನಾನ ಕೈ ಹಿಡದು ಇಳಸಿದೆ. ಹೌದಿಲ್ಲೇನ?" ಅಂತ ಒಳಗೆ ಕೂಗುತ್ತಿದ್ದರು. "ಹೌದ್ರಿ," ಅಂತ ನಾನು ಒಲೆಯ ಮುಂದಿನಿಂದ ದನಿಗೂಡಿಸುತ್ತಿದ್ದೆ.

ಮರುವರ್ಷದ ಶ್ರಾವಣ. ಎದುರುಮನೆಯ ಗೌಡತಿ ಕಾಳಿನ ಮೊರ ಬದಿಗಿಟ್ಟು ಅಂದುಬಿಟ್ಟಳು: "ಸಾಕ ಮಾಡ್ರಿ. ಈ ಮೈ ಹೊತಗೊಂಡು ನೀವು ಆಡಿನ ದಾರ್ಯಾಗ ಇಳದೀರಿ? ಕೇಳವರು ಸಿಕ್ಕಾರಂತ ಎಷ್ಟು ಹೇಳತೀರಿ!"

ನಾನು ಕೈಯ ಹಿಟ್ಟನ್ನೂ ತೊಳೆಯದೆ ಬಾಗಿಲಿಗೆ ಬಂದು ನಿಂತಿದ್ದೆ.

"ಬರ್ತೀಯೇನು?" ಅಂದರು ಅತ್ತೆ, ಗೌಡತಿಗೆ.

"ಎಲ್ಲಿಗ್ರಿ?"

"ತೋರಸ್ತೇನಿ, ಬಾ. ನಾಳಿ ಮದಲನೇ ಬಸ್ಸಿಗೆ." ಆಮೇಲೆ ನನ್ನ ಕಡೆ ತಿರುಗಿ, "ಏ, ಸಾಕ್ಷಿಗೆ ನೀನೂ ಬರಬೇಕು. ಬುತ್ತಿ ಕಟ್ಟು!"

ರಾತ್ರಿಯಿಡೀ ಮಳೆ ಹೊಡೆದು ಬೆಳಿಗ್ಗೆ ಬಿಟ್ಟಿತ್ತು. ಬಸ್ಸು ಹುಡಗಿ ಅನ್ನುವ ಊರು ದಾಟುವಾಗ ಗೌಡತಿ ಕಿಟಕಿಯ ಹತ್ತಿರ ತಲೆಯಾಡಿಸುತ್ತ ನಿದ್ದೆ ಹೋಗಿದ್ದಳು. ಅತ್ತೆ ಅವಳನ್ನು ಒಮ್ಮೆ ನೋಡಿ, ನನ್ನ ಕಿವಿಗೆ ಬಾಯಿ ಹಚ್ಚಿ ಮೆಲ್ಲಗೆ ಹೇಳಿದರು:

"ಇಳಿಯೂವಾಗ ನೀ ನನ್ನ ಮುಂದ ಇರು. ಕೈ ಹಿಡಕೋ. ಆದ್ರ ಈ ರಂಡಿಗೆ ಕಾಣಬಾರದು, ನೋಡು."

ನಾನು ಹೂಂ ಅಂದೆ. ಬುತ್ತಿಗಂಟಿನ ಕೆಳಗೆ ಅವರ ಕೈ ನನ್ನ ಕೈಯನ್ನು ಆಗಲೇ ಹಿಡಿದುಬಿಟ್ಟಿತ್ತು.